ಪಡಸಾಲೆಯ ಕೆಳಗಿನ ನೀರು

ಮುರಿಗೆವ್ವ ಸಿಂಗಪುರಕ್ಕೆ ಬಂದಿಳಿದ ದಿನವೇ ಮನೆಯಲ್ಲಿ ಮಾತು ಬೆಳೆದದ್ದು ಒಂದು ಹಾಲಿನ ಕ್ಯಾನಿನ ಸಲುವಾಗಿ. ಸೆರಂಗೂನ್‌ನ ಒಂಬತ್ತನೇ ಮಹಡಿಯ ಫ್ಲ್ಯಾಟಿನಲ್ಲಿ ಸೂಟ್‌ಕೇಸು ಬಿಚ್ಚಿದಾಗ ಮೊದಲು ಕಟಕ ರೊಟ್ಟಿ ಬಂತು, ಆಮೇಲೆ ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ. ಅವುಗಳ ಕೆಳಗೆ, ಎರಡು ಇಳಕಲ್ ಸೀರೆಗಳ ನಡುವೆ, ಕೂಸನ್ನು ಮಲಗಿಸಿದ ಹಾಗೆ ಇಟ್ಟಿದ್ದ ಸ್ಟೀಲಿನ ಕ್ಯಾನು ಇತ್ತು. ಮುಚ್ಚಳದ ಸುತ್ತ ಮೇಣ ಸುರಿದು, ಮೇಲೆ ಬಟ್ಟೆ ಬಿಗಿದಿತ್ತು. ಸೊಸೆ ಭಾಗ್ಯಶ್ರೀ ಅದು ಊರ ತುಪ್ಪವೆಂದು ಸಂತೋಷದಿಂದ ಎತ್ತಿಕೊಂಡಳು. ಒಳಗೆ ಕುಲುಕಿದ ಸದ್ದು ಕೇಳಿ ಅವಳ ಮುಖ ಸಣ್ಣದಾಯಿತು.

“ನೀರು ತಂದೀರೇನ್ರಿ ಅತ್ತಿ? ಊರಿಂದ ಇಲ್ಲಿಗೆ?”

“ನಮ್ಮ ಪಡಸಾಲಿ ನೀರವ್ವ. ಪೂಜಿಗೆ ಬೇಕಲ್ಲ.”

ಮಗ ಮಹೇಶಕುಮಾರ ನಕ್ಕ. ಇಲ್ಲಿ ನಳದ ನೀರನ್ನೇ ಹಾಗೇ ಹಿಡಿದು ಕುಡಿಯಬಹುದು, ಅಷ್ಟು ಶುದ್ಧ, ಇದನ್ನು ಹೊತ್ತು ತರುವ ಬದಲು ಇನ್ನೆರಡು ಕೆಜಿ ಜೋಳದ ಹಿಟ್ಟು ತಂದಿದ್ದರೆ ಆಗುತ್ತಿತ್ತು ಎಂದ. ಮುರಿಗೆವ್ವ ಬೇಸರ ಮಾಡಿಕೊಳ್ಳಲಿಲ್ಲ. ನಳದ ನೀರು ನಾನೂ ಕುಡಿಯುತ್ತೇನೆ, ಆದರೆ ಲಿಂಗಕ್ಕೆ ಇದೇ ಎಂದಳು. ಅಡುಗೆ ಕಟ್ಟೆಯ ಕೆಳಗೆ, ಬೆಳಕು ಬೀಳದ ಮೂಲೆಯಲ್ಲಿ ಕ್ಯಾನನ್ನು ಇಟ್ಟು, ದಿನಾ ಬೆಳಿಗ್ಗೆ ಸ್ನಾನವಾದ ಮೇಲೆ ಒಂದೇ ಒಂದು ಚಮಚ ತೆಗೆದು, ನಳದ ನೀರಿಗೆ ಬೆರೆಸಿ ಇಷ್ಟಲಿಂಗದ ಪೂಜೆ ಮಾಡಿಕೊಳ್ಳುತ್ತಿದ್ದಳು.

ಭಾಗ್ಯಶ್ರೀಗೆ ಅದೊಂದು ತಲೆನೋವು. ಚಾಂಗಿ ಬಿಸಿನೆಸ್ ಪಾರ್ಕ್‌ನ ಬ್ಯಾಂಕಿನ ಆಫೀಸಿನಲ್ಲಿ ದಿನವಿಡೀ ದುಡಿದು, ಎಮ್‌ಆರ್‌ಟಿ ರೈಲಿನಲ್ಲಿ ನಿಂತುಕೊಂಡೇ ಬಂದು, ಅಡುಗೆಮನೆಗೆ ಕಾಲಿಟ್ಟರೆ ಎಲ್ಲೆಂದರಲ್ಲಿ ಮುಚ್ಚಿಟ್ಟ ಪಾತ್ರೆಗಳು. ಒಂದರಲ್ಲಿ ಅಕ್ಕಿ ತೊಳೆದ ನೀರು, ಇನ್ನೊಂದರಲ್ಲಿ ಕಿಟಕಿಯಾಚೆ ಹಿಡಿದ ಮಳೆನೀರು. ಸೊಳ್ಳೆ ತಪಾಸಣೆಯವರು ಬಂದರೆ ನಿಂತ ನೀರಿಗೆ ದಂಡ ಹಾಕುತ್ತಾರೆ ಎಂದು ಅವಳು ಎಷ್ಟು ಹೇಳಿದರೂ ಅತ್ತೆಗೆ ಅದು ತಲೆಗೆ ಹೋಗಲಿಲ್ಲ. ನೀರು ಇಟ್ಟುಕೊಂಡದ್ದಕ್ಕೆ ದಂಡ ಹಾಕುವ ಊರನ್ನು ಆಕೆ ಅಲ್ಲಿಯವರೆಗೆ ಕಂಡಿರಲಿಲ್ಲ. ಸೊಸೆ ಪಾತ್ರೆಗಳನ್ನು ಸಿಂಕಿಗೆ ಸುರಿಯುತ್ತಿದ್ದಳು, ಅತ್ತೆ ಮರುದಿನ ಮತ್ತೆ ತುಂಬುತ್ತಿದ್ದಳು. ಕ್ಯಾನನ್ನು ಮಾತ್ರ ಭಾಗ್ಯಶ್ರೀ ಮುಟ್ಟಲಿಲ್ಲ. ಅದಕ್ಕೆ ಕೈ ಹಚ್ಚಿದರೆ ಮನೆಯಲ್ಲಿ ಊಟ ಇರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಆ ನೀರಿನ ಹಿಂದೆ ಒಂದು ಸಾವಿತ್ತು. ಗದಗಿನ ಆಚೆ ಎರೆಮಣ್ಣಿನ ಊರು ಅವರದು. ಬಾವಿ ತೋಡಿದರೆ ಸವಳು, ಬೋರು ಹೊಡೆದರೆ ಇನ್ನೂ ಸವಳು. ಆ ನೀರಿನಲ್ಲಿ ಬೇಳೆ ಬೇಯುವುದಿಲ್ಲ, ಕುಡಿದವರ ಹಲ್ಲು ಹಳದಿಗಟ್ಟುತ್ತದೆ. ಓಣಿಯವರೆಲ್ಲ ಕೆರೆಯ ನೀರನ್ನೇ ಸೋಸಿ ಕುಡಿಯುತ್ತಿದ್ದ ಕಾಲದಲ್ಲಿ ಎದುರುಮನೆಯ ಅನಸೂಯಳ ಕೂಸು ವಾಂತಿಭೇದಿಯಾಗಿ ಒಂದೇ ದಿನದಲ್ಲಿ ಹೋಯಿತು. ಕೂಸನ್ನು ಮಣ್ಣು ಮಾಡಿ ಬಂದ ಮುರಿಗೆವ್ವನ ಗಂಡ ಶಂಕ್ರಪ್ಪ ಮರುದಿನವೇ ತನ್ನ ಮನೆಯ ಪಡಸಾಲೆಯ ಫರಸಿ ಎಬ್ಬಿಸಿ ನೆಲ ತೋಡಲು ನಿಂತ. ಮನೆ ಕೆಡವುತ್ತಿದ್ದಾನೆಂದು ಅಣ್ಣತಮ್ಮಂದಿರು ಬೈದರು. ಅವನು ಎರಡಾಳು ಆಳಕ್ಕೆ ತೋಡಿ, ಕಲ್ಲು ಕಟ್ಟಿಸಿ, ಒಳಗೆ ಗಚ್ಚು ಹಾಕಿಸಿ, ಮಾಳಿಗೆಯ ಮಳೆನೀರೆಲ್ಲ ಅಲ್ಲಿಗೆ ಬೀಳುವಂತೆ ಕೊಳವೆ ಇಳಿಸಿ, ಬಾಯಿಗೆ ಕಲ್ಲು ಮುಚ್ಚಿದ.

ಆ ತೊಟ್ಟಿಗೆ ನೇಮಗಳಿದ್ದವು. ಮಳೆಗಾಲಕ್ಕೆ ಮೊದಲು ಮಾಳಿಗೆ ತೊಳೆಯಬೇಕು. ಮೊದಲ ಮಳೆಗಳನ್ನು ಹೊರಗೆ ಬಿಡಬೇಕು, ಆಮೇಲಿನದನ್ನು ಮಾತ್ರ ಒಳಗೆ ತಿರುಗಿಸಬೇಕು. ಮನೆಯ ಪೂಜೆಗೆ ಬಿಟ್ಟರೆ ಯುಗಾದಿಯ ತನಕ ಬಾಯಿ ತೆಗೆಯುವಂತಿಲ್ಲ. ಯುಗಾದಿಯ ಬೆಳಿಗ್ಗೆ ಕಲ್ಲು ಸರಿಸಿ, ಮೊದಲ ಕೊಡ ಸೇದಿ, ಮನೆಯವರು ಹೊಸ್ತಿಲ ಮೇಲೆ ನಿಂತು ಓಣಿಯವರೆಲ್ಲ ನೋಡುವಂತೆ ಒಂದೊಂದು ಲೋಟ ಕುಡಿಯಬೇಕು. ಆಮೇಲೆ ಓಣಿಯ ಕೊಡಗಳು ಒಳಗೆ ಬರಬೇಕು. ನಾವು ಕುಡಿಯದ ನೀರನ್ನು ಮಂದಿಗೆ ಕೊಡುವುದಿಲ್ಲ ಎಂಬುದಕ್ಕೆ ಅದು ಜಾಮೀನು. ಮನೆಯವರ ನಂತರದ ಮೊದಲ ಕೊಡ ಯಾವಾಗಲೂ ಅನಸೂಯಳದು. ಶಂಕ್ರಪ್ಪ ತೀರಿಕೊಂಡ ಮೇಲೂ ಮುರಿಗೆವ್ವ ಒಂದು ವರ್ಷವೂ ಇದನ್ನು ತಪ್ಪಿಸಲಿಲ್ಲ. ಈ ವರ್ಷ ಮಗಳು ಶೈಲಶ್ರೀಗೆ ಕಲ್ಲಿನ ಜವಾಬ್ದಾರಿ ಒಪ್ಪಿಸಿ ಬಂದಿದ್ದಳು. ಶೈಲಶ್ರೀ ತನ್ನ ಗಂಡ ಬಸವಕಿರಣನ ಜೊತೆ ತವರಿನಲ್ಲೇ ಇದ್ದಳು, ಅವನು ಅದೇ ಊರಿನ ಹೈಸ್ಕೂಲಿನಲ್ಲಿ ಮಾಸ್ತರ.

ಮಹೇಶಕುಮಾರ ಮೊದಲು ಸೆಲೆಟಾರ್‌ನಲ್ಲಿ ವಿಮಾನದ ಎಂಜಿನ್ನುಗಳ ಕೆಲಸದಲ್ಲಿದ್ದ. ಎರಡು ಸಾವಿರದ ಏಳರ ಆ ಗಲಾಟೆಯ ದಿನಗಳಲ್ಲಿ, ಎಲ್ಲರೂ ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಹಾರುತ್ತಿದ್ದಾಗ, ಅವನೂ ಒಂದು ನೀರಿನ ಕಂಪನಿಗೆ ಹಾರಿದ. ಆ ಕಂಪನಿ ಪ್ಲಾಸ್ಟಿಕ್ ಪೆಟ್ಟಿಗೆಗಳನ್ನು ಒಂದಕ್ಕೊಂದು ಜೋಡಿಸಿ ನೆಲದೊಳಗೆ ಹೂತು, ಮೇಲೆ ಪಂಪು, ಕಾರ್ಡು ಹಾಕಿದರೆ ನೀರು ಬಿಡುವ ನಲ್ಲಿ ಕೂರಿಸಿ, ಮಳೆ ಕಡಿಮೆಯಿರುವ ಸೀಮೆಗಳಿಗೆ ಮಾರುತ್ತಿತ್ತು. ಮೊದಲ ಆರ್ಡರ್ ನಮ್ಮ ಊರಿಂದಲೇ ತರುತ್ತೇನೆ ಎಂದು ಮಹೇಶಕುಮಾರ ಮಾತು ಕೊಟ್ಟಿದ್ದ. ಅವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ ಎಂದು ಹೇಳಬೇಕು. ಊರಿಗೆಲ್ಲ ನೀರು ಸಿಗುತ್ತದೆ, ತನಗೆ ಬಡ್ತಿ ಸಿಗುತ್ತದೆ, ಬುಕ್ ಮಾಡಿದ ಕಾಂಡೋಗೆ, ಅಂದರೆ ಸ್ವಂತದ ದೊಡ್ಡ ಫ್ಲ್ಯಾಟಿಗೆ, ಶಿಫ್ಟ್ ಆಗಬಹುದು. ಮೂರೂ ಒಟ್ಟಿಗೆ ಆಗುವಾಗ ಯಾರಿಗೆ ತಾನೇ ಅನುಮಾನ ಬರುತ್ತದೆ? ಸಂಜೆಯ ಊಟಕ್ಕೆ ಕೂತಾಗಲೆಲ್ಲ ಗಂಡಹೆಂಡತಿ ಕಾಂಡೋದ ಮಾತೇ ಆಡುತ್ತಿದ್ದರು, ಮಗಳು ಶ್ರೀಯಾ ಅಲ್ಲಿನ ಈಜುಕೊಳದ ಮಾತು ಆಡುತ್ತಿದ್ದಳು.

ಕಂಪನಿಯಲ್ಲಿ ಮಹೇಶಕುಮಾರನ ಮೇಲಿನವರು ಅಶ್ವತ್ಥನಾರಾಯಣ, ಮೈಸೂರಿನ ಕಡೆಯವರು, ಮಾತಿನಲ್ಲಿ ಬೆಣ್ಣೆ. ನಿಮ್ಮೂರ ಪುರಸಭೆಗೆ ತೋರಿಸಲು ಒಂದು ಚಿಕ್ಕ ಫಿಲ್ಮು ಬೇಕು, ಒಣಸೀಮೆಯ ಅಜ್ಜಿಯೊಬ್ಬರು ಮಾತಾಡಿದರೆ ಚೆನ್ನ, ನಿಮ್ಮ ತಾಯಿಯೇ ಇದಾರಲ್ಲ ಎಂದವರು ಅವರೇ. ಫೆಬ್ರುವರಿಯ ಒಂದು ಭಾನುವಾರ ಕ್ಯಾಮೆರಾದವನನ್ನು ಕರೆದುಕೊಂಡು ಬಂದರು. ಸೋಫಾ ಸರಿಸಿ, ಗೋಡೆಗೆ ಕಂದು ಬಟ್ಟೆ ಕಟ್ಟಿ, ಇಳಕಲ್ ಸೀರೆ ಉಡಿಸಿ ಮುರಿಗೆವ್ವನನ್ನು ಕೂರಿಸಿದರು. “ಹೆದರ್ಕೋಬೇಡಿ ಅಮ್ಮಾ, ನಿಮ್ಮೂರಿನ ನೀರಿನ ವಿಷಯ ಹೇಳಿ, ಸಾಕು” ಎಂದರು ಅಶ್ವತ್ಥನಾರಾಯಣ.

ಹೆದರುವವಳೇ ಅವಳು? ನೀರಿನ ಮಾತೆಂದರೆ ಆಕೆಗೆ ಊಟ ಬೇಡ. ಗಂಡನ ಹೆಸರು ಬಾಯಿಗೆ ತರದೆ ಅವನ ಗುದ್ದಲಿ, ಹಾರೆ, ಬೆವರು ಎಲ್ಲ ಹೇಳಿದಳು. ಅನಸೂಯಳ ಕೂಸಿನ ಮಾತು ಬಂದಾಗ ಕಣ್ಣೊರೆಸಿಕೊಂಡಳು.

“ಮೊದಲ ಕೆರಿ ನೀರು ಕುಡೀತಿದ್ವಿ. ಆ ನೀರು ಕುಡದ ನಮ್ಮ ಅನಸೂಯಾನ ಕೂಸು ಹೋತು. ಆ ಸಂಕಟಕ್ಕ ನಮ್ಮ ಮನಿಯವರು ಪಡಸಾಲ್ಯಾಗ ತೊಟ್ಟಿ ತೋಡಿದ್ರು. ಅವತ್ತಿಂದ ಇವತ್ತಿನ ತನಕ ನಮ್ಮ ಓಣ್ಯಾಗ ನೀರಿಂದ ಒಂದು ಕೂಸಿಗೂ ಏನೂ ಆಗಿಲ್ಲ.”

ಅಶ್ವತ್ಥನಾರಾಯಣ ಚಪ್ಪಾಳೆ ತಟ್ಟಿದರು. ಹೋಗುವಾಗ ತೊಟ್ಟಿಯ ಒಂದು ಫೋಟೋ ಇದ್ದರೆ ಒಳ್ಳೆಯದಿತ್ತು ಎಂದರು. ಮಹೇಶಕುಮಾರ ತಂಗಿಗೆ ಫೋನ್ ಮಾಡಿದ. ಯುಗಾದಿಗೆ ಮುಂಚೆ ತೊಟ್ಟಿಯ ಬಾಯಿ ತೆಗೆದು ಒಳಗೆ ಬೆಳಕು ಬಿಡುವುದು ಹೇಗೆಂದು ಶೈಲಶ್ರೀ ಹಿಂಜರಿದಳು. ಅಣ್ಣ ಕೇಳಿದನೆಂದು ಕೊನೆಗೆ ಸ್ಟುಡಿಯೋದವನನ್ನು ಕರೆಸಿ, ಕಲ್ಲು ಸರಿಸಿ, ಫೋಟೋ ಹೊಡೆಸಿ ಕಳಿಸಿದಳು.

ಫಿಲ್ಮು ಏನಾಯಿತೆಂದು ಮುರಿಗೆವ್ವ ಆಮೇಲೆ ಕೇಳುತ್ತಲೇ ಇದ್ದಳು. ಇನ್ನೂ ಕೆಲಸ ನಡೆದಿದೆ ಎಂದು ಮಗ ಹೇಳುತ್ತಲೇ ಇದ್ದ.

ಯುಗಾದಿಯ ದಿನ ಬೇವುಬೆಲ್ಲ ಹಂಚಿ, ಹೋಳಿಗೆಗೆ ಹೂರಣ ರುಬ್ಬುತ್ತಿದ್ದಾಗ ಶೈಲಶ್ರೀಯ ಫೋನು ಬಂತು. ಹಬ್ಬದ ಮಾತಿಲ್ಲ. ಮುರಿಗೆವ್ವ ಮೊದಲು ಕೇಳಿದ್ದು ಕಲ್ಲು ಸರಿಸಿದಿರಾ, ಎಷ್ಟು ನೀರಿದೆ ಎಂದು.

“ತುಂಬಿ ಐತವ್ವಾ. ಹೊಸ್ತಲದ ಮ್ಯಾಲ ನಿಂತು ನಾನೂ ಕುಡದೆ, ಇವರೂ ಕುಡದ್ರು. ಒಂದು ಕೊಡಾ ಬರಲಿಲ್ಲ.”

“ಯಾಕ?”

“ನೀ ಟೀವ್ಯಾಗ ಹೇಳಿದ್ಯಲ್ಲ. ನಮ್ಮ ತೊಟ್ಟಿ ನೀರು ಕುಡದ ಕೂಸು ಸತ್ತತಂತ. ಪುರಸಭೆಯವರು ಊರ ಕೇಬಲ್‌ನ್ಯಾಗ ದಿನಾ ಸಂಜಿಕೆ ಹಾಕಾಕತ್ತಾರ.”

ಮುರಿಗೆವ್ವ ತಾನು ಹಾಗೆ ಹೇಳಿಲ್ಲ ಎಂದಳು. ನಾನೂ ಹಾಗೇ ಅಂದುಕೊಂಡಿದ್ದೆ, ಆದರೆ ದನಿ ನಿನ್ನದೇ, ಮುಖ ನಿನ್ನದೇ, ಕಣ್ಣೀರೂ ನಿನ್ನದೇ ಎಂದಳು ಮಗಳು. ಹೊಸದಾಗಿ ಬಂದ ಬಾಡಿಗೆಯವರು, ಎಳೆಯ ಸೊಸೆಯಂದಿರು ಹೆದರಿಕೊಂಡು ಬರಲಿಲ್ಲ, ಅದನ್ನಾದರೂ ಸಹಿಸಬಹುದು. ಅನಸೂಯ ಬಂದಿದ್ದಳು. ಖಾಲಿ ಕೈಯಲ್ಲಿ ಬಂದು ಹೊಸ್ತಿಲ ಹೊರಗೇ ನಿಂತು, ಮುರಿಗಿ ಮಗನ ನೌಕರಿಗೆ ನನ್ನ ಕೂಸನ್ನು ಮಾರಿದಳೇ ಎಂದು ಕೇಳಿ ಹೋದಳಂತೆ.

ಮುರಿಗೆವ್ವ ರಿಸೀವರನ್ನು ಇಟ್ಟಳು. ಹೂರಣದ ಕೈಯಲ್ಲೇ ಹಾಲ್‌ಗೆ ಬಂದು, ಆ ಫಿಲ್ಮು ಹಾಕು ಎಂದಳು. ಅದು ಆಫೀಸಿನಲ್ಲಿದೆ ಎಂದ ಮಹೇಶಕುಮಾರ. ಪಾಪ, ಶ್ರೀಯಾಗೆ ಇದೊಂದೂ ತಿಳಿಯದು. “ಇಲ್ಲೇ ಇದೆ ಲಾ, ಪಪ್ಪಾ. ಟೀವಿ ಕೆಳಗೆ. ನೀವು ಮಮ್ಮಿ ನೋಡಿದ್ರಲ್ಲ” ಎಂದು ಸಿಂಗಪುರದ ಮಕ್ಕಳ ರಾಗದಲ್ಲಿ ಹೇಳಿ ಸಿ.ಡಿ. ತೆಗೆದು ಹಾಕಿಯೇ ಬಿಟ್ಟಳು.

ಮೊದಲು ಬಿರುಕುಬಿಟ್ಟ ನೆಲ. ಆಮೇಲೆ ತಮ್ಮ ಪಡಸಾಲೆಯ ತೊಟ್ಟಿಯ ಕಪ್ಪು ಬಾಯಿ. ಅದರ ಮೇಲೆ ಮುರಿಗೆವ್ವನ ದನಿ: “ಆ ನೀರು ಕುಡದ ನಮ್ಮ ಅನಸೂಯಾನ ಕೂಸು ಹೋತು.” ಕಣ್ಣೊರೆಸಿಕೊಳ್ಳುವ ಅವಳ ಮುಖ. ಕೆಳಗೆ ಇಂಗ್ಲಿಷಿನ ಸಾಲು. ಕೂಡಲೇ ನೀಲಿ ಪೆಟ್ಟಿಗೆಗಳು, ನಗುವ ಮಕ್ಕಳು, ಕಾರ್ಡು ಹಾಕಿದರೆ ಸುರಿಯುವ ನಲ್ಲಿ. ಕೆರೆಯೂ ಇಲ್ಲ, ಹಾರೆ ಗುದ್ದಲಿಯೂ ಇಲ್ಲ. ಒಂದೇ ಒಂದು ಸುಳ್ಳು ಮಾತನ್ನೂ ಸೇರಿಸಿರಲಿಲ್ಲ, ಅದೇ ಅವರ ಜಾಣತನ. ಹಿಂದಿನದನ್ನೂ ಮುಂದಿನದನ್ನೂ ಕತ್ತರಿಸಿ, ಕೂಸನ್ನು ಉಳಿಸಲು ತೋಡಿದ ತೊಟ್ಟಿಯ ತಲೆಗೆ ಅದೇ ಕೂಸಿನ ಸಾವನ್ನು ಕಟ್ಟಿದ್ದರು. ಇಂಥದ್ದಕ್ಕೆ ಕಲಿತವರೇ ಬೇಕು.

ಮುರಿಗೆವ್ವ ಮಗನ ಕಡೆ ತಿರುಗಿದಳು.

“ನಾ ಕತ್ತರಿಸಿಲ್ಲವ್ವಾ. ಎಡಿಟ್ ಮಾಡವ್ರು ಬ್ಯಾರೆ” ಎಂದ ಮಗ.

“ನೋಡಿದ್ಯೋ ಇಲ್ಲೋ?”

“ನೋಡಿದೆ. ಆಮ್ಯಾಲೆ ಬದಲ್ ಮಾಡ್ಸೋಣಂತ…”

“ನೀನೂ ನೋಡಿದ್ಯೇನ ಭಾಗ್ಯಾ?”

ಭಾಗ್ಯಶ್ರೀ ನೆಲ ನೋಡಿದಳು. ಅದು ಬರೀ ಫಿಲ್ಮು ಅಲ್ಲವೇ, ಯಾರು ಅಷ್ಟು ಗಮನವಿಟ್ಟು ನೋಡುತ್ತಾರೆ ಎಂದು ಅಂದುಕೊಂಡೆ ಎಂದಳು. ಅವಳ ಮಟ್ಟಿಗೆ ಅದು ನಿಜವೂ ಆಗಿತ್ತು. ಆ ತೊಟ್ಟಿಯ ನೀರನ್ನು ಅವಳು ಮದುವೆಯಾದ ಹೊಸದರಲ್ಲಿ ನಾಲ್ಕಾರು ಸಲ ಕುಡಿದಿದ್ದಳು, ಅಷ್ಟೆ. ಮಹೇಶಕುಮಾರನ ಮಾತು ಬೇರೆ. ಅವನು ಬೆಳೆದದ್ದೇ ಆ ನೀರಿನಲ್ಲಿ, ಅವನ ಹಲ್ಲು ಬೆಳ್ಳಗಿದ್ದದ್ದೇ ಆ ನೀರಿನಿಂದ.

“ಅವ್ವಾ, ಸ್ವಲ್ಪ ತಿಳಕೋ. ಈ ಬಾಕ್ಸ್ ಬಂದ್ರ ಇಡೀ ಊರಿಗೆ ನೀರು ಸಿಗತೈತಿ, ಒಂದ ಓಣಿಗಲ್ಲ.”

“ಸಿಗಲಿ. ಸಿಕ್ರ ನನಗೇನು ಹೊಟ್ಟಿಕಿಚ್ಚಿಲ್ಲ. ನಿನ್ನ ಡಬ್ಬಿ ಮಾರಾಕ ನಿಮ್ಮಪ್ಪನ ತೊಟ್ಟಿಗೆ ಯಾಕ ಹೊಲಸ ಬಡದಿ?”

ಅವನು ಉತ್ತರವಿಲ್ಲದ ಗಂಡಸರು ಮಾಡುವುದನ್ನೇ ಮಾಡಿದ. ನಿನಗೆ ಆಫೀಸಿನ ವಿಷಯ ತಿಳಿಯುವುದಿಲ್ಲ ಎಂದು ಗದರಿದ. ಆ ಹಬ್ಬದ ಹೋಳಿಗೆ ತಟ್ಟೆಯಲ್ಲೇ ಉಳಿಯಿತು.

ಮರುದಿನ ಮುರಿಗೆವ್ವ ಸುಮ್ಮನೆ ಕೂರಲಿಲ್ಲ. ಶೈಲಶ್ರೀಯ ಗಂಡನ ಕಡೆಯಿಂದ ಪುರಸಭೆಯ ಸಾಹೇಬರ ಕೈಗೆ ಫೋನು ಕೊಡಿಸಿ, ಆ ಮಾತು ಕೆರೆಯ ನೀರಿನದು, ನಮ್ಮ ತೊಟ್ಟಿಯದಲ್ಲ ಎಂದು ಬಿಡಿಸಿ ಹೇಳಿದಳು. ಫೋನಿನಲ್ಲಿ ಯಾರು ಏನು ಬೇಕಾದರೂ ಹೇಳಬಹುದು, ಫಿಲ್ಮು ಕೊಟ್ಟವರು ಕಂಪನಿಯವರು, ತಪ್ಪಾಗಿದ್ದರೆ ಅವರೇ ಹೇಳಲಿ ಎಂದರು ಸಾಹೇಬರು. ಹೇಳಬೇಕಾದವನು ಅದೇ ಮನೆಯಲ್ಲಿ, ಪಕ್ಕದ ಕೋಣೆಯಲ್ಲಿ, ಶರ್ಟಿಗೆ ಇಸ್ತ್ರಿ ಹಾಕುತ್ತಿದ್ದ.

ಮುರಿಗೆವ್ವ ಅಲ್ಲಿಗೇ ಹೋಗಿ ಕೇಳಿದಳು. ಒಂದು ಮಾತು, ಒಂದೇ ಮಾತು ಹೇಳು, ಸಾಕು. ಮಹೇಶಕುಮಾರ ಆಗಲಿ ಎಂದ. ಆದರೆ ಅಗ್ರಿಮೆಂಟಿಗೆ ಸಹಿ ಬೀಳಲಿ, ಈಗ ಹೇಳಿದರೆ ಎಲ್ಲ ಕೆಡುತ್ತದೆ, ಮುಂದಿನ ವಾರ ಹೇಳುತ್ತೇನೆ ಎಂದ. ಮುಂದಿನ ವಾರ ಕೇಳಿದಾಗ ಡೈರೆಕ್ಟರ್ ಊರಲ್ಲಿಲ್ಲ ಎಂದ. ಅದರ ಮುಂದಿನ ವಾರ, ಅಶ್ವತ್ಥನಾರಾಯಣ ಸರ್ ಹತ್ತಿರ ಮಾತಾಡಿದ್ದೇನೆ, ಅವರು ನೋಡಿಕೊಳ್ಳುತ್ತಾರೆ ಎಂದ. ಅವರ ಹತ್ತಿರ ಅವನು ಮಾತಾಡಿದ್ದು ನಿಜ. ಅಮ್ಮನಿಗೆ ಸ್ವಲ್ಪ ಬೇಜಾರಾಗಿದೆ ಸರ್ ಎಂದಿದ್ದ, ವಯಸ್ಸಾದವರು, ಎರಡು ದಿನದಲ್ಲಿ ಮರೀತಾರೆ ಬಿಡಿ ಎಂದು ಅವರು ಅಂದಿದ್ದರು. ಮಾತು ಅಲ್ಲಿಗೆ ಮುಗಿದಿತ್ತು.

ಮುರಿಗೆವ್ವ ಮಗನ ತಟ್ಟೆಗೆ ಬಡಿಸುವುದನ್ನು ಬಿಟ್ಟಳು. ಅಡುಗೆ ಮಾಡುತ್ತಿದ್ದಳು, ಮೊಮ್ಮಗಳಿಗೆ ತುತ್ತು ಕೊಡುತ್ತಿದ್ದಳು, ಸೊಸೆ ಬರುವುದು ತಡವಾದರೆ ಅವಳ ಪಾಲು ಮುಚ್ಚಿಡುತ್ತಿದ್ದಳು. ಮಗ ಕೂತರೆ ಎದ್ದು ಹೋಗುತ್ತಿದ್ದಳು. ಮಹೇಶಕುಮಾರ ರೊಟ್ಟಿ ತಾನೇ ಹಾಕಿಕೊಂಡು ಉಣ್ಣುತ್ತಿದ್ದ. ಒಮ್ಮೆ ರೇಗಿ, ಹಾಕರ್ ಸೆಂಟರಿನಲ್ಲಿ ಊಟ ಮಾಡಿ ಬರುತ್ತೇನೆ ಎಂದು ಚಪ್ಪಲಿ ಮೆಟ್ಟಿ ಹೊರಟ. ಯಾರೂ ತಡೆಯಲಿಲ್ಲ.

ಭಾಗ್ಯಶ್ರೀ ಒಂದು ಸಂಜೆ ಪಾತ್ರೆ ಒರೆಸುತ್ತ ಗಂಡನಿಗೆ ಹೇಳಿದಳು, “ಒಂದು ಫೋನ್ ಮಾಡಿಬಿಡ್ರಿ. ಏನಾಗತೈತಿ?”

“ಏನಾಗತೈತಿ? ಆರ್ಡರ್ ಹೋಗತೈತಿ. ಆರ್ಡರ್ ಹೋದ್ರ ಕಾಂಡೋ ಹೋಗತೈತಿ. ಕಾಂಡೋ ಬ್ಯಾಡ ಅನ್ನು, ನಾಳೆನ ಫೋನ್ ಮಾಡ್ತೇನಿ.”

ಅವಳು ಬೇಡ ಎನ್ನಲಿಲ್ಲ. ಬೇಕು ಎಂದೂ ಎನ್ನಲಿಲ್ಲ. ಪಾತ್ರೆಗಳನ್ನು ಒಂದರ ಮೇಲೊಂದು ಜೋಡಿಸಿ ದೀಪ ಆರಿಸಿದಳು.

ಏಪ್ರಿಲ್ ಮುಗಿಯುವ ಹೊತ್ತಿಗೆ, ಊರಿನಲ್ಲಿ ಬಿಸಿಲು ನೆತ್ತಿ ಒಡೆಯುತ್ತಿದ್ದ ದಿನಗಳಲ್ಲಿ, ಶೈಲಶ್ರೀ ಮತ್ತೆ ಫೋನು ಮಾಡಿದಳು. ಈ ಸಲ ಅಳುತ್ತಿದ್ದಳು. ಹೊಸ ಯೋಜನೆ ಬರುವ ಮುನ್ನ ಅಪಾಯದ ನೀರನ್ನು ತೆಗೆಸಬೇಕೆಂದು ಆದೇಶವಾಗಿತ್ತು. ಮಾಲಕರೇ ಸಾವು ಒಪ್ಪಿಕೊಂಡ ಮನೆ ಮೊದಲನೆಯದು. ಬಸವಕಿರಣ ಬಾಗಿಲಿಗೆ ಅಡ್ಡ ನಿಂತು, ಬೇಕಾದರೆ ಪರೀಕ್ಷೆ ಮಾಡಿಸಿ ಎಂದನಂತೆ. ನಿಮ್ಮತ್ತೆಯೇ ಹೇಳಿದ ಮೇಲೆ ಪರೀಕ್ಷೆ ಯಾಕೆ ಎಂದರಂತೆ.

“ಮುಂಜಾನೆ ಮೋಟಾರ ಇಟ್ರವ್ವಾ. ಸಂಜಿ ತನಕ ಹೊಡದ್ರು. ಗಟಾರ ತುಂಬಿ ಹರೀತು. ಕನ್ನಡಿಯಂಗ ಇತ್ತು ನೀರು. ಹುಡುಗ್ರು ಗಟಾರದಾಗ ಕಾಗದದ ದೋಣಿ ಬಿಟ್ರು. ಅನಸೂಯಾತ್ತಿ ಕಟ್ಟಿ ಮ್ಯಾಲ ಕುಂತು ನೋಡಿದ್ಲು. ಕಡೀಕ ಬಾಯಿಗೆ ಸಿಮೆಂಟ ಹಾಕಿ ಹೋದ್ರು.”

ಒಂದು ಓಣಿ ಇಡೀ ಬೇಸಿಗೆ ಕುಡಿಯುವ ನೀರು. ಬಿಂದಿಗೆ ನೀರಿಗೆ ಹೆಂಗಸರು ಒಬ್ಬರ ಜುಟ್ಟು ಒಬ್ಬರು ಹಿಡಿಯುವ ಸೀಮೆಯಲ್ಲಿ ಅದನ್ನು ಹಗಲು ಹೊತ್ತಿನಲ್ಲಿ, ಸರ್ಕಾರಿ ಮೋಟಾರು ಇಟ್ಟು ಗಟಾರಕ್ಕೆ ಹೊಡೆದರು. ನಿಲ್ಲಿಸಲು ಒಂದು ಮಾತು ಸಾಕಿತ್ತು. ಆ ಮಾತು ಆಡಬೇಕಾದವನು ಆ ದಿನ ಹೊಸ ಮನೆಗೆ ಪರದೆಯ ಬಣ್ಣ ಆರಿಸುತ್ತಿದ್ದ. ಹೊಟ್ಟೆ ಉರಿಯುವುದಿಲ್ಲವೇ?

ಮುರಿಗೆವ್ವ ಅಳಲಿಲ್ಲ. ಅಡುಗೆ ಕಟ್ಟೆಯ ಕೆಳಗೆ ಬಗ್ಗಿ ಕ್ಯಾನನ್ನು ಅಲ್ಲಾಡಿಸಿ ನೋಡಿದಳು. ಅರ್ಧಕ್ಕಿಂತ ಹೆಚ್ಚು ಇತ್ತು. ಮರುದಿನದಿಂದ ಪೂಜೆಗೂ ಅದನ್ನು ಮುಟ್ಟಲಿಲ್ಲ, ನಳದ ನೀರಿನಲ್ಲೇ ಮಾಡಿಕೊಂಡಳು.

ಅಗ್ರಿಮೆಂಟಿಗೆ ಸಹಿ ಬಿದ್ದ ಮೇಲೆ ಡೈರೆಕ್ಟರ್ ಕೋ ಅವರು ಮಹೇಶಕುಮಾರನ ಮನೆಯ ಊಟಕ್ಕೆ ಬರುತ್ತೇನೆಂದರು. ಅವರು ಸಿಂಗಪುರದವರೇ, ಅರವತ್ತು ದಾಟಿದ ಸೌಮ್ಯ ಮನುಷ್ಯ. ಫಿಲ್ಮಿನ ಅಜ್ಜಿಯನ್ನು ನೋಡಬೇಕು, ಕೈ ಮುಗಿಯಬೇಕು ಎಂದಿದ್ದರು. ಅಶ್ವತ್ಥನಾರಾಯಣ ಮತ್ತು ಅವರ ಹೆಂಡತಿ ಜಲಜಾ ಕೂಡ ಬರುವವರು. ಮಹೇಶಕುಮಾರ ತಾಯಿಯ ಹತ್ತಿರ ಬಂದು ಕೂತ. ಆದದ್ದು ಆಯಿತು, ಆ ದಿನ ಒಂದು ಮಾತೂ ಆಡಬೇಡ, ಸುಮ್ಮನೆ ಬಂದು ನಮಸ್ಕಾರ ಮಾಡಿ ಒಳಗೆ ಹೋಗು ಎಂದು ಕೈ ಹಿಡಿದು ಕೇಳಿಕೊಂಡ.

“ಅಡಗಿ ನಾ ಮಾಡ್ತೇನಿ” ಎಂದಳು ಮುರಿಗೆವ್ವ.

ಅವನಿಗೆ ಎದೆಯ ಮೇಲಿನ ಕಲ್ಲು ಇಳಿಸಿದಂತಾಯಿತು. ತಾನೇ ಸೆರಂಗೂನ್ ರೋಡಿಗೆ ಹೋಗಿ ಜೋಳದ ಹಿಟ್ಟು, ಎಳೆ ಬದನೆಕಾಯಿ, ಶೇಂಗಾ, ಬೆಲ್ಲ ತಂದು ಕೊಟ್ಟ. ಎರಡು ದಿನ ಅತ್ತೆ ಸೊಸೆ ಇಬ್ಬರೂ ದುಡಿದರು. ಬಿಸಿ ರೊಟ್ಟಿ, ಎಣ್ಣೆಗಾಯಿ, ಮಡಕೆ ಕಾಳಿನ ಪಲ್ಯ, ಶೇಂಗಾ ಹೋಳಿಗೆ, ಕೆನೆ ಮೊಸರು. ಮನೆಯೆಲ್ಲ ಒಗ್ಗರಣೆಯ ಘಮ. ಭಾಗ್ಯಶ್ರೀ ರೊಟ್ಟಿ ಬಡಿಯುವಾಗ ಅತ್ತೆಯ ಮುಖವನ್ನೇ ನೋಡುತ್ತಿದ್ದಳು.

ಅತಿಥಿಗಳು ಬಂದರು. ಕೋ ಕೈ ಮುಗಿದರು, ಮುರಿಗೆವ್ವ ಮುಗಿದಳು. ಎಲ್ಲರೂ ಮೇಜಿಗೆ ಕೂತ ಮೇಲೆ ಅವಳು ಒಳಗೆ ಹೋಗಿ ಕ್ಯಾನನ್ನು ತಂದಳು. ಅದರ ಬಟ್ಟೆ ಬಿಚ್ಚಿತ್ತು, ಮುಚ್ಚಳ ತೊಳೆದು ಫಳಫಳ ಹೊಳೆಯುತ್ತಿತ್ತು. ಮಹೇಶಕುಮಾರ ಚಮಚ ಕೆಳಗಿಟ್ಟ. ಅವಳು ಮೊದಲ ಲೋಟ ತುಂಬಿ ಮಗನ ಮುಂದಿಟ್ಟಳು. ಆಮೇಲೆ ಕೋ, ಅಶ್ವತ್ಥನಾರಾಯಣ, ಜಲಜಾ. ಕೋ ಲೋಟ ಎತ್ತಿಕೊಂಡಾಗ ಅವಳು ಅಂಗೈ ಅಡ್ಡ ಹಿಡಿದು, ತಡೆಯಿರಿ ಎಂಬಂತೆ ನಕ್ಕಳು. ಅವರು ಮರ್ಯಾದೆಯಿಂದ ಕೆಳಗಿಟ್ಟರು.

“ಮಹೇಶ, ಕುಡಿ. ಮನಿಯವರು ಮೊದಲ.”

ಮಹೇಶಕುಮಾರ ಲೋಟ ನೋಡಿದ, ಮುಟ್ಟಲಿಲ್ಲ. ಕುಡಿದರೆ ಆ ನೀರು ಒಳ್ಳೆಯದೆಂದು ಒಪ್ಪಿದಂತೆ, ಕುಡಿಯದಿದ್ದರೆ ಅವ್ವನೇ ಸುಳ್ಳಿಯೆಂದು ಹತ್ತು ಜನರ ಮುಂದೆ ಹೇಳಿದಂತೆ. ಅಮ್ಮ ಏನು ಹೇಳುತ್ತಿದ್ದಾರೆ ಎಂದು ಕೋ ವಿಚಾರಿಸಿದರು.

“ಕೇಳಾಕತ್ತಾರ. ಹೇಳು ಅವರಿಗೆ,” ಎಂದಳು ಮುರಿಗೆವ್ವ. “ಇದು ನಿಮ್ಮ ಫಿಲಂನಾಗ ಇದ್ದ ತೊಟ್ಟಿ ನೀರು. ಕೂಸು ಸತ್ತದ್ದು ಕೆರಿ ನೀರಿಂದ, ಸತ್ತ ಮ್ಯಾಲ ತೋಡಿದ್ದು ತೊಟ್ಟಿ. ಆ ನೀರನ್ನ ನಿಮ್ಮ ಸಲುವಾಗಿ ಗಟಾರಕ್ಕ ಹೊಡದಾರ. ಉಳದದ್ದು ಇಷ್ಟ. ಹೇಳು. ಇಂಗ್ಲಿಷ್‌ನ್ಯಾಗ ಹೇಳು. ನಡುವಿಂದ ಕತ್ತರಸಬ್ಯಾಡ.”

ಕನ್ನಡ ಬಲ್ಲ ಅಶ್ವತ್ಥನಾರಾಯಣ ತಟ್ಟೆಯ ಅಂಚನ್ನು ಒರೆಸತೊಡಗಿದರು. ಜಲಜಾ ಲೋಟದ ಮೇಲಿಂದ ಕೈ ತೆಗೆದುಕೊಂಡರು. ಮಹೇಶಕುಮಾರ ಡೈರೆಕ್ಟರರ ಕಡೆ ತಿರುಗಿ, ನಗು ತಂದುಕೊಂಡು, ನೀವೆಲ್ಲ ಬಂದದ್ದು ನಮ್ಮ ತಾಯಿಗೆ ತುಂಬ ಸಂತೋಷವಾಗಿದೆ, ದಯವಿಟ್ಟು ಊಟ ಶುರು ಮಾಡಬೇಕಂತೆ ಎಂದು ಇಂಗ್ಲಿಷಿನಲ್ಲಿ ಹೇಳಿದ.

ಕೋ ನಕ್ಕು ಚಮಚ ಎತ್ತಿಕೊಂಡರು.

ಭಾಗ್ಯಶ್ರೀ ಅಡುಗೆಮನೆಯ ಬಾಗಿಲಲ್ಲಿ ರೊಟ್ಟಿಯ ತಟ್ಟೆ ಹಿಡಿದು ನಿಂತಿದ್ದಳು. ತಟ್ಟೆಯನ್ನು ಮೇಜಿನ ಮೇಲಿಟ್ಟಳು. “ಅವರು ಹೇಳಿದ್ದು ಅದಲ್ಲ, ಮಿಸ್ಟರ್ ಕೋ” ಎಂದು ಇಂಗ್ಲಿಷಿನಲ್ಲೇ ಶುರುಮಾಡಿದಳು. ಭಾಗ್ಯಾ ಎಂದು ಗಂಡ ಹಲ್ಲು ಕಚ್ಚಿ ಕರೆದ. ಅವಳು ನಿಲ್ಲಿಸಲಿಲ್ಲ. ಬ್ಯಾಂಕಿನಲ್ಲಿ ದೊಡ್ಡವರ ಮುಂದೆ ಮಾತಾಡಿ ಪಳಗಿದ ಇಂಗ್ಲಿಷು, ಒಂದು ಮಾತೂ ತಡವರಿಸಲಿಲ್ಲ. ಕೆರೆ ಹೇಳಿದಳು, ಕೂಸು ಹೇಳಿದಳು, ಮಾವ ತೋಡಿದ್ದು ಹೇಳಿದಳು, ಫಿಲ್ಮಿನಲ್ಲಿ ಎಲ್ಲಿಂದ ಎಲ್ಲಿಯ ತನಕ ಕತ್ತರಿಸಿದೆ ಎಂಬುದನ್ನೂ ಮೋಟಾರು ಇಟ್ಟದ್ದನ್ನೂ ಹೇಳಿದಳು. ಕೊನೆಗೆ, ಇದು ನನ್ನ ಗಂಡನಿಗೆ ಮೊದಲೇ ಗೊತ್ತಿತ್ತು, ನನಗೂ ಗೊತ್ತಿತ್ತು, ನಾನೂ ಬಾಯಿ ಮುಚ್ಚಿಕೊಂಡಿದ್ದೆ ಎಂದಳು. ಹೇಳುತ್ತಿದ್ದಂತೆ ಅವಳ ಕಣ್ಣು ತುಂಬಿತು, ದನಿ ಮಾತ್ರ ಇಳಿಯಲಿಲ್ಲ.

ಕೋ ಅವರ ಮುಖ ಬಿಗಿದುಕೊಂಡಿತು. ಇದು ಹೌದೇ ಎಂದು ಅವರು ಮಹೇಶಕುಮಾರನನ್ನು ಕೇಳಿದರು. ಅವನು ಅಶ್ವತ್ಥನಾರಾಯಣರನ್ನು ನೋಡಿದ, ಅವರು ಗೋಡೆ ನೋಡಿದರು. ಎಣ್ಣೆಗಾಯಿ ಆರುತ್ತಿತ್ತು.

ಮುರಿಗೆವ್ವನಿಗೆ ಇಂಗ್ಲಿಷು ಬಾರದು. ಸೊಸೆಯ ಬಾಯನ್ನೇ ನೋಡುತ್ತಿದ್ದವಳು ಕೇಳಿದಳು, “ಎಲ್ಲಾ ಹೇಳಿದ್ಯಾ? ನಡುವ ಏನೂ ಬಿಡಲಿಲ್ಲಲ್ಲ?”

“ಏನೂ ಬಿಡಲಿಲ್ರಿ ಅತ್ತಿ. ನಂದೂ ಸೇರಿಸಿ ಹೇಳಿದೆ.”

ಮುರಿಗೆವ್ವ ಮಗನ ಮುಂದಿದ್ದ ಲೋಟವನ್ನು ಎತ್ತಿಕೊಂಡಳು. ಅದು ತುಂಬಿದ್ದು ತುಂಬಿದ ಹಾಗೇ ಇತ್ತು. ಮೇಜು ಸುತ್ತಿ ಬಂದು ಸೊಸೆಯ ಕೈಗೆ ಕೊಟ್ಟಳು.

“ಹಂಗಾರ ನೀ ಕುಡಿ. ಮನಿಯವರು ಮೊದಲ.”

ಭಾಗ್ಯಶ್ರೀ ಎಲ್ಲರೂ ನೋಡುತ್ತಿದ್ದಂತೆ ನಿಂತಲ್ಲೇ ಅದನ್ನು ಪೂರ್ತಿ ಕುಡಿದಳು. ಆಮೇಲೆ ಮುರಿಗೆವ್ವ ಅತಿಥಿಗಳಿಗೆ ಕೈ ತೋರಿಸಿ, ಇನ್ನು ನೀವು ಕುಡಿಯಬಹುದು ಎಂದಳು. ಮಗನ ಮುಂದೆ ಬೇರೆ ಲೋಟ ಇಡಲಿಲ್ಲ.